ಮೊದಲು ಸಂಕ, ಆಮೇಲೆ ಪೇಟೆಯ ರಸ್ತೆ: ಎರಡು ಕಂಪ್ಯೂಟರ್‌ಗಳಿಂದ ನೆಟ್‌ವರ್ಕ್ ಪಾಠ

‘ನೆಟ್‌ವರ್ಕ್ ಎಂದರೇನು?’ ಎಂದು ಪ್ರೌಢಶಾಲೆಯ ಮಕ್ಕಳನ್ನು ಕೇಳಿದರೆ ‘ಇಂಟರ್ನೆಟ್’ ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ಮೊಬೈಲ್‌ನ ಸಿಗ್ನಲ್ ಗೆರೆಗಳನ್ನೂ ಅವರು ನೆಟ್‌ವರ್ಕ್ ಎಂದೇ ಕರೆಯುತ್ತಾರೆ. ಮಲೆನಾಡಿನಲ್ಲಿ ಈ ಗೊಂದಲಕ್ಕೆ ಬೆಲೆ ತೆರಬೇಕಾಗುತ್ತದೆ. ಕೊಪ್ಪ ತಾಲ್ಲೂಕಿನ ಕಮ್ಮರಡಿಯಂಥ ಊರಿನಲ್ಲಿ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವುದು, ಟವರ್ ನಿಲ್ಲುವುದು ಹೊಸದಲ್ಲ. ‘ನೆಟ್ ಇಲ್ಲ’ ಎಂದೊಡನೆ ಕಂಪ್ಯೂಟರ್ ಪಾಠವೂ ಇಲ್ಲ ಎಂದಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಎಷ್ಟೋ ಅವಧಿಗಳು ಕೈತಪ್ಪುತ್ತವೆ. ಆದ್ದರಿಂದ ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಯು ಈ ಪಾಠವನ್ನು ಇಂಟರ್ನೆಟ್ಟಿನ ವ್ಯಾಖ್ಯೆಯಿಂದ ಆರಂಭಿಸದೆ, ಎರಡು ಕಂಪ್ಯೂಟರ್‌ಗಳಿಂದ ಆರಂಭಿಸುವುದು ಒಳ್ಳೆಯದು. ಮನೆಯಲ್ಲಿ ಒಂದು ಹಳೆಯ ಡೆಸ್ಕ್‌ಟಾಪ್, ಒಂದು ಲ್ಯಾಪ್‌ಟಾಪ್ ಇದ್ದರೆ ಪೂರ್ವಸಿದ್ಧತೆ ಅಲ್ಲೇ ಆಗುತ್ತದೆ.

ಪೂರ್ವಜ್ಞಾನದ ಬಳಕೆ

ಹಳ್ಳದ ಆಚೆಗೊಂದು ಮನೆ, ಈಚೆಗೊಂದು ಮನೆ; ನಡುವೆ ಅಡಿಕೆ ಮರದ ಸಂಕ. ಹೆಪ್ಪಿಗೆ ಮಜ್ಜಿಗೆ ಬೇಕಾದರೆ ಸಂಕ ದಾಟಿದರೆ ಸಾಕು, ಪೇಟೆಗೆ ಹೋಗಬೇಕಿಲ್ಲ. ಸಕ್ಕರೆ ಬೇಕಾದರೆ ಮಾತ್ರ ಪೇಟೆಯ ರಸ್ತೆ. ಎರಡು ಕಂಪ್ಯೂಟರ್‌ಗಳ ನಡುವಿನ ಕೇಬಲ್ ಈ ಸಂಕದಂತೆ. ಇಂಟರ್ನೆಟ್ ಪೇಟೆಯ ರಸ್ತೆಯಂತೆ. ರಸ್ತೆ ಮುಚ್ಚಿದರೂ ಸಂಕ ಇರುತ್ತದೆ.

ಹೋಲಿಕೆ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಹೇಳಬೇಕು. ಮಜ್ಜಿಗೆ ಕೊಟ್ಟರೆ ಕೊಟ್ಟವರ ಮನೆಯಲ್ಲಿ ಅಷ್ಟು ಕಡಿಮೆಯಾಗುತ್ತದೆ. ಫೈಲ್ ಕೊಟ್ಟರೆ ಮೂಲ ಅಲ್ಲೇ ಉಳಿದು, ನಕಲು ಇಲ್ಲಿಗೆ ಬರುತ್ತದೆ.

ಮೂರು ಕಲಿಕಾಂಶಗಳು

ಎಷ್ಟೇ ದೊಡ್ಡ ನೆಟ್‌ವರ್ಕ್ ಆದರೂ ಅದಕ್ಕೆ ಬೇಕಾದದ್ದು ದಾರಿ, ವಿಳಾಸ, ಅನುಮತಿ. ಇಡೀ ಪಾಠವನ್ನು ಈ ಮೂರರ ಸುತ್ತ ಕಟ್ಟಬಹುದು.

1. ದಾರಿ: ನೆಟ್‌ವರ್ಕ್ ಕೇಬಲ್‌ನ ಎರಡು ತುದಿಗಳನ್ನು ಎರಡು ಕಂಪ್ಯೂಟರ್‌ಗಳ ಲ್ಯಾನ್ ಕಿಂಡಿಗೆ ಹಾಕುವುದು. ಲ್ಯಾಪ್‌ಟಾಪ್‌ಗೆ ಆ ಕಿಂಡಿ ಇಲ್ಲದಿದ್ದರೆ ಯುಎಸ್‌ಬಿ ಅಡಾಪ್ಟರ್ ಬೇಕು. ಕೇಬಲ್‌ನೊಳಗೆ ನಾಲ್ಕು ಜೋಡಿಗಳಾಗಿ ಹೆಣೆದ ಎಂಟು ತಂತಿಗಳಿರುತ್ತವೆ. ಹಳೆಯ ಯಂತ್ರಗಳನ್ನು ನೇರವಾಗಿ ಜೋಡಿಸಲು ಕಳುಹಿಸುವ ಮತ್ತು ಪಡೆಯುವ ತಂತಿಗಳನ್ನು ಅದಲುಬದಲು ಮಾಡಿದ ಕ್ರಾಸ್ ಕೇಬಲ್ ಬೇಕಿತ್ತು. ಗಿಗಾಬಿಟ್ ಕಿಂಡಿಗಳು ಈ ಅದಲುಬದಲನ್ನು ತಾವೇ ಮಾಡಿಕೊಳ್ಳುವುದರಿಂದ ಸಾಮಾನ್ಯ ಕೇಬಲ್ ಸಾಕು. ಬ್ಯಾಟರಿ ಇರುವ ಎರಡು ಲ್ಯಾಪ್‌ಟಾಪ್‌ಗಳಿದ್ದರೆ ಕರೆಂಟು ಹೋದಾಗಲೂ ಪಾಠ ನಿಲ್ಲದು.

2. ವಿಳಾಸ: ಮೊದಲ ಕಂಪ್ಯೂಟರ್‌ಗೆ 192.168.137.1, ಎರಡನೆಯದಕ್ಕೆ 192.168.137.2 ಎಂದು ಐಪಿ ವಿಳಾಸ ಕೊಡುವುದು. ಎರಡಕ್ಕೂ ಸಬ್‌ನೆಟ್ ಮಾಸ್ಕ್ 255.255.255.0. 192.168 ಎಂದು ಆರಂಭವಾಗುವ ವಿಳಾಸಗಳು ಮನೆ, ಶಾಲೆ, ಕಚೇರಿಗಳ ಒಳಬಳಕೆಗೆಂದೇ ಮೀಸಲು. ವಿಳಾಸ ಕೊಡದಿದ್ದರೆ ವಿಂಡೋಸ್ ತಾನೇ 169.254 ಎಂದು ಆರಂಭವಾಗುವ ವಿಳಾಸವೊಂದನ್ನು ಇಟ್ಟುಕೊಳ್ಳುತ್ತದೆ. ಆದರೂ ಮಕ್ಕಳೇ ವಿಳಾಸ ಬರೆದರೆ ಅದರ ಅರ್ಥ ಚೆನ್ನಾಗಿ ಮನಸ್ಸಿಗೆ ಹತ್ತುತ್ತದೆ.

3. ಅನುಮತಿ: ಮೊದಲ ಕಂಪ್ಯೂಟರ್‌ನಲ್ಲಿ ‘ಪಾಠ’ ಎಂಬ ಫೋಲ್ಡರ್ ಮಾಡಿ, ಅದರ ಪ್ರಾಪರ್ಟೀಸ್‌ನಲ್ಲಿ ಶೇರಿಂಗ್ ಆರಿಸಿ, ಓದಲು ಮಾತ್ರ ಅನುಮತಿ ಕೊಡುವುದು. ಪಾಸ್‌ವರ್ಡ್ ರಕ್ಷಣೆಯನ್ನು ತೆಗೆದುಹಾಕುವ ಬದಲು ‘ವಿದ್ಯಾರ್ಥಿ’ ಎಂಬ ಬೇರೆ ಖಾತೆ ತೆರೆಯುವುದು ಸರಿಯಾದ ಕ್ರಮ. ನೇರ ಕೇಬಲ್ ಸಂಪರ್ಕವನ್ನು ವಿಂಡೋಸ್ ಗುರುತಿಲ್ಲದ ನೆಟ್‌ವರ್ಕ್ ಎಂದು ಬಗೆದು ‘ಪಬ್ಲಿಕ್’ ಗುಂಪಿಗೆ ಸೇರಿಸುವುದುಂಟು. ಆಗ ಆ ಗುಂಪಿಗೇ ಫೈಲ್ ಶೇರಿಂಗ್ ಚಾಲೂ ಮಾಡಬೇಕಾಗುತ್ತದೆ. ಪಾಠ ಮುಗಿದ ಮೇಲೆ ಮರೆಯದೆ ಅದನ್ನು ನಿಲ್ಲಿಸಬೇಕು. ಅದೇ ಲ್ಯಾಪ್‌ಟಾಪ್ ನಾಳೆ ಬೇರೆಲ್ಲೋ ಸಾರ್ವಜನಿಕ ವೈಫೈಗೆ ಸೇರಬಹುದು.

ಪರೀಕ್ಷೆ ಮತ್ತು ಪ್ರಯೋಗ

ಎರಡನೆಯ ಕಂಪ್ಯೂಟರ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪಿಂಗ್ ಆದೇಶದ ಮುಂದೆ 192.168.137.1 ಎಂದು ಬರೆದರೆ ಆಚೆಯಿಂದ ಉತ್ತರ ಬರಬೇಕು. ಹಳ್ಳದ ಈಚೆ ನಿಂತು ‘ಓ’ ಎಂದು ಕೂಗಿದರೆ ಆಚೆಯಿಂದ ‘ಓ’ ಬಂದಂತೆ. ಉತ್ತರ ಬಂದ ಮೇಲೆ ಫೈಲ್ ಎಕ್ಸ್‌ಪ್ಲೋರರ್‌ನ ವಿಳಾಸದ ಸಾಲಿನಲ್ಲಿ \\192.168.137.1 ಎಂದು ಬರೆದರೆ ‘ಪಾಠ’ ಫೋಲ್ಡರ್ ಕಾಣುತ್ತದೆ.

ಇಲ್ಲಿ ಗಣಿತವನ್ನೂ ಸೇರಿಸಬಹುದು. ಸೆಕೆಂಡಿಗೆ 100 ಮೆಗಾಬಿಟ್ ವೇಗದ ಕೇಬಲ್‌ನಲ್ಲಿ 700 ಮೆಗಾಬೈಟ್‌ನ ವಿಡಿಯೊ ಬರಲು ಎಷ್ಟು ಹೊತ್ತು? ಒಂದು ಬೈಟ್‌ಗೆ 8 ಬಿಟ್. 700 × 8 ÷ 100 = 56 ಸೆಕೆಂಡು; ನಿಜದಲ್ಲಿ ತುಸು ಹೆಚ್ಚು. ಅದೇ ವಿಡಿಯೊ ಸೆಕೆಂಡಿಗೆ 2 ಮೆಗಾಬಿಟ್‌ನ ಮೊಬೈಲ್ ಸಂಪರ್ಕದಲ್ಲಿ ಇಳಿಯಲು 2800 ಸೆಕೆಂಡು, ಅಂದರೆ ಸುಮಾರು 47 ನಿಮಿಷ: ಒಂದು ಅವಧಿಗಿಂತ ಹೆಚ್ಚು. ಒಮ್ಮೆ ಇಳಿಸಿ ಒಳಗೇ ಹಂಚಿಕೊಳ್ಳುವುದರ ಲಾಭ ಲೆಕ್ಕದಿಂದಲೇ ಮಕ್ಕಳಿಗೆ ತಿಳಿಯುತ್ತದೆ.

ಇಂಟರ್ನೆಟ್ ಹಂಚಿಕೆ

ಈಗ ಪೇಟೆಯ ರಸ್ತೆ. ಮೊಬೈಲನ್ನು ಯುಎಸ್‌ಬಿ ಮೂಲಕ ಮೊದಲ ಕಂಪ್ಯೂಟರ್‌ಗೆ ಜೋಡಿಸಿ ಟೆದರಿಂಗ್ ಚಾಲೂ ಮಾಡಬೇಕು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಆ ಸಂಪರ್ಕದ ಪ್ರಾಪರ್ಟೀಸ್ ತೆರೆದು, ಶೇರಿಂಗ್ ಪುಟದಲ್ಲಿ ಇತರರಿಗೆ ಇಂಟರ್ನೆಟ್ ಬಳಸಲು ಬಿಡುವ ಗೆರೆಗೆ ಗುರುತು ಹಾಕಬೇಕು. ಆಗ ವಿಂಡೋಸ್ ಮೊದಲ ಕಂಪ್ಯೂಟರ್‌ನ ಕೇಬಲ್ ಕಿಂಡಿಗೆ 192.168.137.1 ಎಂಬ ವಿಳಾಸವನ್ನೇ ಕೊಡುತ್ತದೆ. ನಾವು ಆರಂಭದಲ್ಲೇ ಅದನ್ನು ಆರಿಸಿದ್ದರ ಕಾರಣ ಇದು. ಎರಡನೆಯ ಕಂಪ್ಯೂಟರ್‌ನ ವಿಳಾಸವನ್ನು ‘ತಾನಾಗಿ ಪಡೆ’ ಎಂಬುದಕ್ಕೆ ಬದಲಿಸಿದರೆ ಸಾಕು. ಮನೆಯಲ್ಲಿ ವೈಫೈ ರೌಟರ್ ಇದ್ದರೆ ದಾರಿ ಮತ್ತು ವಿಳಾಸದ ಕೆಲಸವನ್ನು ಅದೇ ಮಾಡುತ್ತದೆ. ಅನುಮತಿಯ ಕೆಲಸ ಮಾತ್ರ ನಮ್ಮದು.

ಈ ಹಂತದಲ್ಲಿ ಮುಖ್ಯ ಪ್ರಶ್ನೆ ಕೇಳಬೇಕು: ‘ಈಗ ಮೊಬೈಲ್ ತೆಗೆದರೆ ಪಾಠದ ಫೈಲ್ ತೆರೆಯುತ್ತದೆಯೇ?’ ಮಕ್ಕಳು ಕೈ ಎತ್ತಿ ಊಹೆ ಹೇಳಲಿ. ಆಮೇಲೆ ಮೊಬೈಲ್ ತೆಗೆಯಿರಿ. ವೆಬ್ ಪುಟ ಬರುವುದಿಲ್ಲ, ಫೈಲ್ ತೆರೆಯುತ್ತದೆ. ನೆಟ್‌ವರ್ಕ್‌ಗೂ ಇಂಟರ್ನೆಟ್‌ಗೂ ಇರುವ ವ್ಯತ್ಯಾಸವನ್ನು ಇನ್ನು ಬರೆಸುವ ಅಗತ್ಯವಿಲ್ಲ, ಮಕ್ಕಳೇ ಹೇಳುತ್ತಾರೆ.

ಗಮನಿಸಬೇಕಾದ ಅಂಶಗಳು

• ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಪ್ರಶ್ನೆಪತ್ರಿಕೆ, ಆ ಶೈಲಿ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಅದು ನೆಟ್‌ವರ್ಕ್‌ನ ದೋಷವಲ್ಲ. ಯುನಿಕೋಡ್‌ನಲ್ಲಿ ಬರೆದರೆ ಈ ತೊಂದರೆ ಇರದು.
• ಅಂಕಪಟ್ಟಿ, ಮಕ್ಕಳ ಆಧಾರ್ ಸಂಖ್ಯೆ, ಪೋಷಕರ ವಿವರಗಳಿರುವ ಫೈಲ್‌ಗಳು ಹಂಚಿದ ಫೋಲ್ಡರ್‌ನಲ್ಲಿ ಇರಕೂಡದು. ಇಡೀ ಡ್ರೈವ್ ಅನ್ನು ಎಂದೂ ಹಂಚಬಾರದು.
• ಕಟ್ಟಡದಿಂದ ಕಟ್ಟಡಕ್ಕೆ ಬಯಲಿನಲ್ಲಿ ಕೇಬಲ್ ಎಳೆಯಬಾರದು. ಸಿಡಿಲು ಬಡಿದರೆ ಎರಡೂ ಕಂಪ್ಯೂಟರ್ ಹೋಗುವ ಅಪಾಯವಿದೆ. ಗುಡುಗು ಕೇಳಿದೊಡನೆ ಪ್ಲಗ್ ತೆಗೆಯುವ ರೂಢಿಯನ್ನೂ ಕಲಿಸಬೇಕು.

ಮೌಲ್ಯಮಾಪನ

ಬಾಯಿಪಾಠದ ಪ್ರಶ್ನೆಗಳಿಗಿಂತ ದೋಷ ಹುಡುಕಿಸುವುದು ಮೇಲು. ಮಕ್ಕಳಿಗೆ ತಿಳಿಯದಂತೆ ಒಮ್ಮೆ ಕೇಬಲ್ ಸಡಿಲಿಸಿ, ಒಮ್ಮೆ ವಿಳಾಸದ ಒಂದು ಅಂಕಿ ಬದಲಿಸಿ, ಒಮ್ಮೆ ಫೋಲ್ಡರ್‌ನ ಅನುಮತಿ ತೆಗೆಯಿರಿ. ಕಿಂಡಿಯ ದೀಪ ಉರಿಯುತ್ತಿದೆಯೇ? ಪಿಂಗ್‌ಗೆ ಉತ್ತರ ಬರುತ್ತಿದೆಯೇ? ಫೋಲ್ಡರ್ ತೆರೆಯುತ್ತಿದೆಯೇ? ಈ ಕ್ರಮದಲ್ಲಿ ನೋಡಿ ದೋಷ ದಾರಿಯದೋ, ವಿಳಾಸದ್ದೋ, ಅನುಮತಿಯದೋ ಎಂದು ಗುಂಪು ತೀರ್ಮಾನಿಸಲಿ.

ಪಾಠ ವೀಕ್ಷಿಸುವ ಮಾರ್ಗದರ್ಶಿ ಉಪನ್ಯಾಸಕರು ಒಂದು ಅಂಶವನ್ನು ವಿಶೇಷವಾಗಿ ಬರೆದುಕೊಳ್ಳಬೇಕು: ಅವಧಿಯ ಹೆಚ್ಚು ಹೊತ್ತು ಮೌಸ್ ಯಾರ ಕೈಯಲ್ಲಿತ್ತು? ಅದು ಪ್ರಶಿಕ್ಷಣಾರ್ಥಿಯ ಕೈಯಲ್ಲೇ ಉಳಿದಿದ್ದರೆ, ಎರಡು ಕಂಪ್ಯೂಟರ್‌ಗಳ ನಡುವೆ ದಾರಿ ಆಗಿದ್ದರೂ ಪಾಠ ಮಕ್ಕಳನ್ನು ಮುಟ್ಟಿಲ್ಲವೆಂದೇ ತಿಳಿಯಬೇಕು.