ಆಗ್ನೇಯಕ್ಕೆ ತಿರುಗಿಸಿ, ಚಂದನ ಬರುತ್ತದೆ

ಚೆನ್ನೈ: ಕನ್ನಡಿಗರು ನಾಲ್ವರು ಸೇರಿದ ಕಡೆ ಹಿರಿಯರು ಹೇಳಿಕೊಳ್ಳುವ ದೂರು ಒಂದಿದೆ. ತಿಂಗಳು ತಿಂಗಳು ಕೇಬಲ್‌ಗೆ ಹಣ ಕಟ್ಟಿದರೂ ಕನ್ನಡ ವಾರ್ತೆ ನೋಡುವ ಭಾಗ್ಯವಿಲ್ಲ ಎಂಬುದು. ಹಾಗೆ ಕೊರಗುವವರಿಗೆ ಈ ಬರಹ.

ಮದರಾಸು ದೂರದರ್ಶನ ಕೇಂದ್ರ ಆರಂಭವಾದದ್ದು 1975ರ ಆಗಸ್ಟ್ 15ರಂದು. ತಾರಸಿಗಳ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾಗಳು ಎದ್ದವು. ಬಂದದ್ದು ತಮಿಳು, ಆಮೇಲೆ ಹಿಂದಿ. 1981ರ ರಾಜ್ಯೋತ್ಸವದ ದಿನ ಬೆಂಗಳೂರು ಕೇಂದ್ರ ಶುರುವಾಯಿತು. ಆದರೆ ಇಲ್ಲಿ ಆಂಟೆನಾವನ್ನು ಪಶ್ಚಿಮಕ್ಕೆ ಎಷ್ಟು ತಿರುಗಿಸಿದರೂ ಕಾಣುತ್ತಿದ್ದದ್ದು ಬರೀ ಚುಕ್ಕಿ! ಟಿವಿ ತರಂಗ ಹೆಚ್ಚುಕಡಿಮೆ ನೇರವಾಗಿ ಸಾಗುತ್ತದೆ, ಭೂಮಿಯೋ ದುಂಡಗಿದೆ. ಬೆಂಗಳೂರಿನ ಗೋಪುರ ನಮ್ಮ ತಾರಸಿಗೆ ಕಾಣಲು ಸಾಧ್ಯವೇ ಇರಲಿಲ್ಲ. ರಾಜ್‌ಕುಮಾರ್ ಚಿತ್ರಗಳು ಇದೇ ಕೋಡಂಬಾಕ್ಕಂ ಸುತ್ತಿನ ಸ್ಟುಡಿಯೋಗಳಲ್ಲಿ ತಯಾರಾದವು. ಅದೇ ಊರಿನ ಕನ್ನಡಿಗ ಟಿವಿಯಲ್ಲಿ ಒಂದು ಕನ್ನಡ ಚಿತ್ರ ನೋಡಲು ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಚಿತ್ರದ ಸರದಿ ಕಾಯಬೇಕಿತ್ತು.

ಮುಂದೆ ಕೇಬಲ್ ಬಂತು. 2003ರ ಸೆಪ್ಟೆಂಬರ್‌ನಲ್ಲಿ ಚೆನ್ನೈಗೆ ಮಾತ್ರ 'ಕ್ಯಾಸ್' ಪದ್ಧತಿ ಬಂದು, ಪೆಟ್ಟಿಗೆ ಕೊಳ್ಳದವರಿಗೆ ಪಾವತಿ ವಾಹಿನಿಗಳು ಬಂದ್ ಆದದ್ದು ಹಲವರಿಗೆ ನೆನಪಿರಬಹುದು. ಮರುವರ್ಷ ಡಿಸೆಂಬರ್‌ನಲ್ಲಿ ದೂರದರ್ಶನವು 33 ವಾಹಿನಿಗಳ 'ಡಿಡಿ ಡೈರೆಕ್ಟ್ ಪ್ಲಸ್' ಆರಂಭಿಸಿತು. ಈಗ ಅದೇ 'ಡಿಡಿ ಫ್ರೀ ಡಿಶ್'. ಕೊಡೆ, ಪೆಟ್ಟಿಗೆಗೆ ಒಮ್ಮೆ ಖರ್ಚು, ಮಾಸಿಕ ಶುಲ್ಕವಿಲ್ಲ. ಚಂದನವೂ ಅದರಲ್ಲಿದೆ. 2002ರಲ್ಲಿ ಶುರುವಾದ 'ಥಟ್ ಅಂತ ಹೇಳಿ' ರಸಪ್ರಶ್ನೆಯಲ್ಲಿ ಸರಿಯುತ್ತರಕ್ಕೆ ಪುಸ್ತಕವೇ ಬಹುಮಾನ. ಇಲ್ಲಿ ತಮಿಳು, ಇಂಗ್ಲಿಷ್ ಓದುವ ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ನೆಪ ನನಗೆ ಗೊತ್ತಿಲ್ಲ.

ಹಾಕಿಸುವ ಮುನ್ನ ತಾರಸಿಗೆ ಹೋಗಿ ನೋಡಿ. ಜಿಸ್ಯಾಟ್-15 ಉಪಗ್ರಹ ಚೆನ್ನೈಗೆ ಸರಿಯಾಗಿ ಆಗ್ನೇಯದಲ್ಲಿ, ಸುಮಾರು 68 ಡಿಗ್ರಿ ಎತ್ತರದಲ್ಲಿದೆ. ಬೆಂಗಳೂರಿನ ಕನ್ನಡ ನಮಗೆ ಬರುವುದು ಸಮುದ್ರದ ಕಡೆಯ ಆಕಾಶದಿಂದ! ಆ ದಿಕ್ಕಿಗೆ ತೆಂಗಿನ ಗರಿಯಾಗಲಿ, ಪಕ್ಕದ ಕಟ್ಟಡವಾಗಲಿ ಅಡ್ಡ ಬರಬಾರದು. ಪೆಟ್ಟಿಗೆ ಎಂಪೆಗ್-4 ಮಾದರಿಯದೇ ಇರಲಿ. ಹಳೆಯ ಎಂಪೆಗ್-2 ವಾಹಿನಿಗಳೂ ಅದರಲ್ಲಿ ಸಿಗುತ್ತವೆ. ಐಪ್ಪಸಿ, ಕಾರ್ತಿಗೈ ಮಳೆ ಜೋರಾದಾಗ ಚಿತ್ರ ನಿಂತುಹೋದರೆ ಗಾಬರಿ ಬೇಡ, ಕೊಡೆಯನ್ನು ಅಲುಗಾಡಿಸಲೂ ಬೇಡ. ಮಳೆ ಕಡಿಮೆಯಾದರೆ ತಾನೇ ಬರುತ್ತದೆ.

ಅಪಾರ್ಟ್‌ಮೆಂಟ್‌ನಲ್ಲಿರುವವರು ಮೊದಲು ನಿವಾಸಿಗಳ ಸಂಘದ ಒಪ್ಪಿಗೆ ಪಡೆಯುವುದು ಒಳ್ಳೆಯದು. ನಮ್ಮ ಕಟ್ಟಡದಲ್ಲಿ ಅದಕ್ಕೇ ಮೂರು ತಿಂಗಳು ಹಿಡಿಯಿತು, ಕೊಡೆ ಕಟ್ಟಲು ಅರ್ಧ ಗಂಟೆ.