ಕಾಲು ಓಡುತ್ತೆ, ಮನಸ್ಸು ಏಳಲ್ಲ

ಬೆಳಗಿನ ಬುಲೆಟಿನ್‌ಗೆ ಹೊರಟಿದ್ದೆ. ಕಂಠೀರವ ಕ್ರೀಡಾಂಗಣದ ಗೇಟಿನ ಹತ್ತಿರ ಒಬ್ಬ ಹುಡುಗ ಗುರುತು ಹಿಡಿದು ಮಾತಾಡಿಸಿದ. ಕಾಲೇಜಿನಲ್ಲಿ 800 ಮೀಟರ್ ಓಡ್ತಿದ್ದವನು. ಈಗ ಕೆಲಸ, ಬಾಡಿಗೆ ರೂಮು. ‘ಸಾರ್, ಕಾಲು ಓಡುತ್ತೆ, ಮನಸ್ಸೇ ಏಳಲ್ಲ’ ಅಂದ.

ಇದನ್ನ ಸೋಮಾರಿತನ ಅನ್ನೋದು ಸುಲಭ. ನಾನು ಒಪ್ಪಲ್ಲ. ಕಾಲೇಜಿನಲ್ಲಿ ಅವನನ್ನು ಎಬ್ಬಿಸುತ್ತಿದ್ದದ್ದು ಬರೀ ಛಲ ಅಲ್ಲ. ಕೋಚ್ ವಿಷಲ್ ಇತ್ತು, ಹಾಸ್ಟೆಲ್ ಊಟ ಇತ್ತು, ಕ್ರೀಡಾಕೂಟದ ತಾರೀಖು ಇತ್ತು, ಪಕ್ಕದಲ್ಲಿ ಓಡೋ ಗೆಳೆಯ ಇದ್ದ. ಡಿಗ್ರಿ ಮುಗಿದ ದಿನ ಎಲ್ಲವೂ ಒಟ್ಟಿಗೆ ಹೋದವು.

ದಾಖಲೆ ನೋಡಿ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಶ್ರೀರಾಮ್ ಸಿಂಗ್ 800 ಮೀಟರನ್ನು 1 ನಿಮಿಷ 45.77 ಸೆಕೆಂಡಿನಲ್ಲಿ ಓಡಿದರು. ಆ ರಾಷ್ಟ್ರೀಯ ದಾಖಲೆ ಮುರಿಯೋಕೆ 42 ವರ್ಷ ಬೇಕಾಯ್ತು. 2018ರಲ್ಲಿ ಮುರಿದವರು ಜಿನ್ಸನ್ ಜಾನ್ಸನ್, 1 ನಿಮಿಷ 45.65 ಸೆಕೆಂಡ್. ಇಬ್ಬರೂ ಸೇನೆಯವರು. ಅಂದ್ರೆ ಸಂಬಳ ಕೊಡೋ ಕೆಲಸವೇ ಓಡೋಕೂ ಬಿಟ್ಟಿತ್ತು. ನಮ್ಮಲ್ಲಿ ಓಟಗಾರರು ಸ್ಪೋರ್ಟ್ಸ್ ಕೋಟಾದ ರೈಲ್ವೆ, ಪೊಲೀಸ್ ಕೆಲಸಕ್ಕೆ ಕಾಯೋದೂ ಇದಕ್ಕೇ.

ಅದು ಸಿಗೋವರೆಗೆ? ಹೋದದ್ದನ್ನು ಒಂದೊಂದಾಗಿ ಕೂಡಿಸಿಕೊಳ್ಳಬೇಕು. ವಾರಕ್ಕೆ ಎರಡು ದಿನವಾದ್ರೂ ಜೊತೆಗಾರರ ಜೊತೆ ಓಡು. ಮೂರು ತಿಂಗಳಾಚೆಯ ರೇಸಿಗೆ ಈಗಲೇ ಹೆಸರು ಕೊಡು. ಕಾಲೇಜಿನ ಟೈಮಿಂಗ್ ಪಕ್ಕಕ್ಕಿಡು. ಹೋದ ತಿಂಗಳ ಟೈಮಿಂಗ್ ಮೇಲೆ ಗೆಲ್ಲು. ಇಷ್ಟು ಹೇಳಿದೆ.

‘ನೈಟ್ ಶಿಫ್ಟ್ ಇದ್ರೆ ಸಾರ್?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನ ಮ್ಯಾನೇಜರ್ ಹತ್ತಿರ ಇರಬಹುದು.