ಜರ್ನಲ್ ಆಫ್ ಜೆನೆಟಿಕ್ಸ್: ಯೆಣೆಗೂರಿಗೂ ತೆರೆದ ಪುಟ

ಕುಸುಬೆಗೆ ಹೇನು ಬಿದ್ದ ಒಂದು ಹಿಂಗಾರಿನಲ್ಲಿ, ಮಹಾರಾಷ್ಟ್ರದ ಉಮರ್ಗಾ ಸೀಮೆಯ ಯೆಣೆಗೂರಿನ ಹೆದ್ದಾರಿ ಬದಿಯ ಚಹಾದಂಗಡಿಯಲ್ಲಿ ಕುಳಿತು, ಆ ಕೀಟದ ಮೇಲಿನ ಸಂಶೋಧನಾ ಪ್ರಬಂಧವೊಂದನ್ನು ಮೊಬೈಲಿನಲ್ಲಿ ಹುಡುಕಿ ತೆಗೆದಿದ್ದೆ. ಹತ್ತು ಸಾಲಿನ ಸಾರಾಂಶ ಸಿಕ್ಕಿತು. ಮುಂದೆ ಓದಬೇಕೆಂದರೆ ಡಾಲರಿನಲ್ಲಿ ದುಡ್ಡು ಕಟ್ಟಬೇಕಿತ್ತು. ಬೆಳೆ ನಮ್ಮದು, ಹೇನೂ ನಮ್ಮ ಹೊಲದ್ದೇ. ಅವುಗಳ ಬಗ್ಗೆ ಬರೆದದ್ದು ಮಾತ್ರ ಕೈಗೆಟುಕದು. ಆ ಸಂಕಟ ಇನ್ನೂ ಹೋಗಿಲ್ಲ. ಅದಕ್ಕೇ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಹೊರತರುವ 'ಜರ್ನಲ್ ಆಫ್ ಜೆನೆಟಿಕ್ಸ್' ಎಂಬ ನಿಯತಕಾಲಿಕದ ಪರಿಚಯ ಮಾಡಿಕೊಡಬೇಕೆನಿಸುತ್ತದೆ.

ತಾಯಿ ತಂದೆಯ ಗುಣ ಮಕ್ಕಳಿಗೆ, ಬೀಜದ ಗುಣ ಬೆಳೆಗೆ ಹೇಗೆ ಇಳಿದು ಬರುತ್ತದೆ ಎಂಬುದೇ ಇದರ ವಿಷಯ. 1910ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಬೇಟ್ಸನ್ ಮತ್ತು ಆರ್.ಸಿ. ಪನೆಟ್ ಇದನ್ನು ಶುರುಮಾಡಿದರು. 1915ರ ಸಂಪುಟದಲ್ಲಿ ಇಲಿಗಳ ಬಗ್ಗೆ ಒಂದು ಪುಟ್ಟ ಪ್ರಬಂಧವಿದೆ. ಬಣ್ಣಕ್ಕೆ ಸಂಬಂಧಿಸಿದ ಎರಡು ಗುಣಗಳು ತಲೆಮಾರಿನಿಂದ ತಲೆಮಾರಿಗೆ ಜೊತೆಯಾಗಿ ಸಾಗುತ್ತವೆ ಎಂದು ಅದು ತೋರಿಸಿತು. ಬರೆದವರು ಮೂವರು. ಜೆ.ಬಿ.ಎಸ್. ಹಾಲ್ಡೇನ್ ಆಗ ಮೊದಲ ಮಹಾಯುದ್ಧದ ರಣಭೂಮಿಯಲ್ಲಿದ್ದರು. ಗೆಳೆಯ ಸ್ಪ್ರಂಟ್ ಅದೇ ಯುದ್ಧದಲ್ಲಿ ತೀರಿಹೋದರು. ಮೂರನೆಯವಳು ಹಾಲ್ಡೇನರ ತಂಗಿ, ಇನ್ನೂ ಹದಿಹರೆಯದ ನವೋಮಿ. ಈ ಹುಡುಗಿಯ ಹೆಸರು ನೆನಪಿರಲಿ.

ಹಾಲ್ಡೇನ್ ಮುಂದೆ ಇದರ ಸಂಪಾದಕರಾದರು. 1957ರಲ್ಲಿ ಭಾರತಕ್ಕೆ ಬಂದು ನೆಲೆಸಿದಾಗ ಪತ್ರಿಕೆಯನ್ನೂ ಜೊತೆಗೇ ತಂದರು. ಕೋಲ್ಕತ್ತ, ಆಮೇಲೆ ಭುವನೇಶ್ವರ. 1964ರಲ್ಲಿ ಅವರು ತೀರಿಕೊಂಡ ಮೇಲೆ ಪತ್ನಿ ಹೆಲೆನ್ ಸ್ಪರ್ವೇ, ಮಾಧವ ಗಾಡ್ಗೀಳ್, ಎಚ್. ಶರತ್ ಚಂದ್ರ ಮತ್ತು ಸುರೇಶ್ ಜಯಕರ್ ಅವರ ಜೊತೆ ಸೇರಿ ನಡೆಸಿದರು. ಹೆಲೆನ್ ಕೊನೆಗಾಲ ಕಳೆದದ್ದು ಹೈದರಾಬಾದಿನಲ್ಲಿ, ಯೆಣೆಗೂರನ್ನು ಹಾದುಹೋಗುವ ಹೆದ್ದಾರಿಯಲ್ಲೇ ಮುಂದೆ ಸಿಗುವ ಊರಲ್ಲಿ. 1977ರಲ್ಲಿ ಪತ್ರಿಕೆ ನಿಂತಿತು. ಎಂಟು ವರ್ಷ ಮೌನ. 1985ರಲ್ಲಿ ಅಕಾಡೆಮಿ ಅದನ್ನು ಮತ್ತೆ ಎತ್ತಿಕೊಂಡಾಗ ಒಪ್ಪಿಗೆ ಕೊಟ್ಟವರು ನವೋಮಿ ಮಿಚಿಸನ್. ಎಪ್ಪತ್ತು ವರ್ಷದ ಹಿಂದೆ ಇಲಿ ಸಾಕಿ ಲೆಕ್ಕ ಬರೆದ ಅದೇ ನವೋಮಿ.

ಅಕಾಡೆಮಿಯನ್ನು ಸಿ.ವಿ. ರಾಮನ್ ಕಟ್ಟಿದ್ದು 1934ರಲ್ಲಿ. ಅದರ ಜಾಲತಾಣದಲ್ಲಿ ಈ ಪತ್ರಿಕೆಯ ಪ್ರಬಂಧಗಳನ್ನು ಯಾರು ಬೇಕಾದರೂ ಕಾಸು ಕೊಡದೆ ಓದಬಹುದು, ಇಳಿಸಿಕೊಳ್ಳಬಹುದು. ಇಂಥ ತೆರೆದ ಓದಿಗೆ 'ಮುಕ್ತ ಪ್ರವೇಶ' ಎಂಬ ಮಾತು ಜಗತ್ತಿನಲ್ಲಿ ಬೇರೂರಿದ್ದು 2002ರ ಬುಡಾಪೆಸ್ಟ್ ಘೋಷಣೆಯಿಂದ. ಮರುವರ್ಷ ಅಮೆರಿಕದಲ್ಲಿ ಶುರುವಾದ 'ಪ್ಲಾಸ್ ಬಯಾಲಜಿ' ಓದುಗರಿಂದ ಏನೂ ಕೇಳಲಿಲ್ಲ, ಆದರೆ ಬರೆದವರಿಂದ ಪ್ರಬಂಧಕ್ಕೆ 1,500 ಡಾಲರ್ ಪಡೆಯಿತು. ಬಾಗಿಲು ಒಂದು ಕಡೆ ತೆರೆದು ಇನ್ನೊಂದು ಕಡೆ ಮುಚ್ಚಿದಂತೆ ಇದು ನನಗೆ ಕಾಣುತ್ತದೆ. ಸಣ್ಣ ಊರಿನ ಕಾಲೇಜಿನ ಮೇಷ್ಟರು ಆ ಹಣ ಎಲ್ಲಿಂದ ತಂದಾರು? ಕೇಂದ್ರ ಸರ್ಕಾರದ 'ಒಂದು ದೇಶ ಒಂದು ಚಂದಾ' ಯೋಜನೆ 2025ರಿಂದ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಕೊಟ್ಟು ಸುಮಾರು 13,000 ನಿಯತಕಾಲಿಕಗಳನ್ನು ಸರ್ಕಾರಿ ಸಂಸ್ಥೆಗಳಿಗೆ ಒದಗಿಸುತ್ತಿದೆ. ಒಳ್ಳೆಯದೇ. ಆದರೆ ಹೊಲದ ಬದುವಿನ ಮೇಲೆ ನಿಂತ ರೈತ, ನಿವೃತ್ತ ಶಿಕ್ಷಕಿ ಆ ಪಟ್ಟಿಯಲ್ಲಿಲ್ಲ.

ಬಿಟ್ಟಿ ಸಿಗುವುದು ಹಗುರವಾದದ್ದು ಎಂದು ತಿಳಿಯಬೇಡಿ. ಈ ಪತ್ರಿಕೆಗೆ ಬಂದ ಹಸ್ತಪ್ರತಿಯನ್ನು ಅದೇ ವಿಷಯ ಬಲ್ಲ ಬೇರೆ ವಿಜ್ಞಾನಿಗಳು ಓದಿ, ತಪ್ಪು ಹುಡುಕಿ, ತಿದ್ದಿಸುತ್ತಾರೆ. ಎಷ್ಟೋ ಬರಹ ಹಿಂದಿರುಗುತ್ತವೆ. ಆ ಓದಿಗೆ ಸಂಬಳವಿಲ್ಲ.

ಇಂಗ್ಲಿಷ್ ಎಂಬ ಇನ್ನೊಂದು ಬೀಗ ಉಳಿದೇ ಇದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಆದ ಉಮರ್ಗಾ ಸೀಮೆಯ ಮಕ್ಕಳಿಗೆ ಅದು ಮೂರನೆಯ ಭಾಷೆ. ಅವರಿಗೆ ನಾನು ಮೊದಲು ತೋರಿಸುವುದು ರಷ್ಯದ ನಿಕೊಲಾಯ್ ವಾವಿಲೋವ್ ಇದೇ ಪತ್ರಿಕೆಯಲ್ಲಿ ಬರೆದದ್ದನ್ನು. ಗೋದಿಯಲ್ಲಿ ಮೀಸೆ ಇರುವ ತೆನೆ, ಇಲ್ಲದ ತೆನೆ ಎಂಬ ಬಗೆಗಳಿದ್ದರೆ ಅದರ ದಾಯಾದಿ ಧಾನ್ಯಗಳಲ್ಲೂ ಅಂಥವು ಇದ್ದೇ ಇರಬೇಕು, ಹುಡುಕಿ ಎನ್ನುತ್ತದೆ ಅದು. ಬೀಜಕ್ಕೆಂದು ತೆನೆ ಆರಿಸುವ ಮನೆಯಲ್ಲಿ ಬೆಳೆದ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲೋಕಕ್ಕೆ ಬೀಜ ಕೂಡಿಟ್ಟ ವಾವಿಲೋವ್ 1943ರಲ್ಲಿ ಸೆರೆಮನೆಯಲ್ಲಿ ಹಸಿವಿನಿಂದ ಸತ್ತರು. ಅವರ ಪ್ರಬಂಧ ಇರುವುದು 1922ರ 12ನೇ ಸಂಪುಟದಲ್ಲಿ, 47ನೇ ಪುಟದಿಂದ.